450 ಗಾತ್ರದ ರೇಡಿಯೋ ಕಂಟ್ರೋಲ್ ಮಾದರಿ ಹೆಲಿಕಾಪ್ಟರಿಗೆ ಥ್ರಾಟಲ್ ಕರ್ವ್, ಪಿಚ್ ಕರ್ವ್ ಕೂರಿಸುವುದು: ಐಡಲ್ ಅಪ್ ಹಾಕಿದ ಕೂಡಲೇ ಹೆಲಿ ಕೆಳಗೆ ಬೀಳುತ್ತದೆ, ಯಾಕೆ?

ಉಪ್ಪಳ_450

ಎಲ್ಲರಿಗೂ ನಮಸ್ಕಾರ. ಹೆಲಿ 450 ಕ್ಲಾಸಿನದು, ಫ್ಲೈಬಾರ್ (ರೋಟರ್ ತಲೆಗೆ ಅಡ್ಡವಾಗಿ ಇರುವ ಸಮತೋಲನದ ಕಡ್ಡಿ, ತುದಿಯಲ್ಲಿ ಪ್ಯಾಡಲ್) ಉಂಟು, ಟಿ-ರೆಕ್ಸ್ 450ರ ನಕಲು. 325 ಮಿ.ಮೀ. ಫೈಬರ್ ಬ್ಲೇಡ್, 3500 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 3500 ಸುತ್ತು) ಮೋಟರ್, 12 ಹಲ್ಲಿನ ಪಿನಿಯನ್, 150 ಹಲ್ಲಿನ ಮೇನ್ ಗೇರ್, 40 ಆಂಪಿಯರ್ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಕ), 3ಎಸ್ 2200 (ಮೂರು ಸೆಲ್, 2200 ಎಂಎಎಚ್) ಬ್ಯಾಟರಿ. ರೇಡಿಯೋ ಫ್ಲೈಸ್ಕೈ ಐ6. ಬಾಲಕ್ಕೆ ಹೆಡಿಂಗ್ ಹೋಲ್ಡ್ ಗೈರೋ (ಬಾಲವನ್ನು ಒಂದೇ ದಿಕ್ಕಿಗೆ ಹಿಡಿದಿಡುವುದು).

ಈಗ ಹಾಕಿರುವುದು (ಸ್ಟಿಕ್ ಪೂರ್ತಿ ಕೆಳಗಿನಿಂದ ಪೂರ್ತಿ ಮೇಲಿನ ತನಕ ಐದು ಜಾಗಕ್ಕೆ. ಥ್ರಾಟಲ್ ಅಂದರೆ ಮೋಟರಿನ ಶಕ್ತಿ, ಪಿಚ್ ಅಂದರೆ ಬ್ಲೇಡಿನ ಕೋನ, ಐಡಲ್ ಅಪ್ ಅಂದರೆ ಸ್ಟಿಕ್ ಕೆಳಗಿದ್ದರೂ ಮೋಟರ್ ಓಡುತ್ತಲೇ ಇರುವ ಮೋಡ್):

ನಾರ್ಮಲ್ ಥ್ರಾಟಲ್: 0-40-60-75-85
ನಾರ್ಮಲ್ ಪಿಚ್: 50-60-70-85-100
ಐಡಲ್ ಅಪ್ ಥ್ರಾಟಲ್: 70-70-70-70-70
ಐಡಲ್ ಅಪ್ ಪಿಚ್: 0-25-50-75-100

ತೊಂದರೆ ಮೂರು. ಸ್ಟಿಕ್ ಮಧ್ಯದಲ್ಲಿಟ್ಟು ಹೋವರ್ ಮಾಡುವಾಗ (ಗಾಳಿಯಲ್ಲಿ ಒಂದೇ ಜಾಗದಲ್ಲಿ ನಿಲ್ಲಿಸುವಾಗ) ಐಡಲ್ ಅಪ್ ಸ್ವಿಚ್ ಹಾಕಿದರೆ ಹೆಲಿ ದೊಪ್ಪನೆ ಇಳಿಯುತ್ತದೆ. ಐಡಲ್ ಅಪ್‌ನಲ್ಲಿ ಪಿಚ್ ಏರಿಸಿದರೆ ರೋಟರ್ ಸದ್ದು ಕುಗ್ಗುತ್ತದೆ, ಏರುವ ಶಕ್ತಿ ಇಲ್ಲ. ಪಿಚ್ ಬೇಗ ಏರಿಸಿದಾಗ ಬಾಲ ಒಂದು ಬದಿಗೆ ಎಳೆದು ಮತ್ತೆ ಸರಿಯಾಗುತ್ತದೆ. ಮಿಕ್ಸ್‌ನಲ್ಲಿ ಥ್ರಾಟಲ್‌ನಿಂದ ರಡ್ಡರ್‌ಗೆ (ಬಾಲದ ಚಾನೆಲ್) 15 ಹಾಕಿದೆ, ಆದರೂ ಹೋಗಲಿಲ್ಲ.

ಯಾವ ಸಂಖ್ಯೆ ಬದಲಿಸಬೇಕು?

ಮಾಷ್ಟ್ರು_ಕುಂಬಳೆ

ಸಂಖ್ಯೆ ಮುಟ್ಟುವ ಮೊದಲು ಪಿಚ್ ಗೇಜ್ (ಬ್ಲೇಡಿನ ಕೋನ ಅಳೆಯುವ ಸಾಧನ) ಹಾಕಿ ಅಳೆದದ್ದು ಉಂಟಾ? 70 ಅನ್ನುವುದು ರೇಡಿಯೋದ ಲೆಕ್ಕ. ಬ್ಲೇಡಿನಲ್ಲಿ ಅದು 3 ಡಿಗ್ರಿಯೋ 6 ಡಿಗ್ರಿಯೋ ಅಂತ ಗೇಜ್ ಮಾತ್ರ ಹೇಳುತ್ತದೆ. ಇನ್ನೊಬ್ಬರ ಕರ್ವ್ ನಕಲು ಮಾಡಿ ಹಾಕಿದರೆ ನಿಮ್ಮ ಹೆಲಿಗೆ ಕೂರುವುದು ಅಪರೂಪ, ಯಾಕೆಂದರೆ ಅವರ ಸರ್ವೋ (ಲಿಂಕ್ ಆಡಿಸುವ ಸಣ್ಣ ಮೋಟರ್) ಆರ್ಮ್ ಉದ್ದ ಬೇರೆ, ಸ್ವಾಶ್ (ಸರ್ವೋದ ಚಲನೆಯನ್ನು ಬ್ಲೇಡಿಗೆ ಮುಟ್ಟಿಸುವ ತಟ್ಟೆ) ಶೇಕಡಾವಾರು ಬೇರೆ.

ಮೊದಲು ಹೀಗೆ ಅಳೆಯಿರಿ.

ಮೋಟರಿನ ಮೂರು ವಯರಿನಲ್ಲಿ ಎರಡನ್ನಾದರೂ ಇಎಸ್‌ಸಿಯಿಂದ ಕಳಚಿ, ತುದಿ ಒಂದಕ್ಕೊಂದು ತಾಗದ ಹಾಗೆ ಟೇಪ್ ಸುತ್ತಿ. ಥ್ರಾಟಲ್ ಹೋಲ್ಡ್ (ಮೋಟರ್ ನಿಲ್ಲಿಸುವ ಸ್ವಿಚ್) ಹಾಕಿದ್ದೇನೆ, ಸಾಕು ಅಂತ ಬಿಡಬೇಡಿ. ಮೇಜಿನ ಮೇಲೆ ಕರ್ವ್ ಬದಲಿಸುವಾಗ ಒಂದು ತಪ್ಪು ಒತ್ತುವಿಕೆಗೆ ಮೋಟರ್ ಎದ್ದುಬಿಡುತ್ತದೆ. ಆ ಗಾತ್ರದ ಬ್ಲೇಡಿನ ತುದಿ 2800 ಸುತ್ತಿನಲ್ಲಿ ಸೆಕೆಂಡಿಗೆ 100 ಮೀಟರಿಗೂ ಹೆಚ್ಚು ವೇಗದಲ್ಲಿ ಹೋಗುತ್ತದೆ.

ರೇಡಿಯೋದಲ್ಲಿ ಎಲ್ಲ ಟ್ರಿಮ್ ಸೊನ್ನೆ, ಸಬ್‌ಟ್ರಿಮ್ (ಸರ್ವೋದ ಮಧ್ಯವನ್ನು ಚೂರು ಸರಿಸುವುದು) ಸೊನ್ನೆ, ನಾರ್ಮಲ್ ಪಿಚ್ ಕರ್ವ್ 0-25-50-75-100. ಅಳತೆಗೆ ಇದೊಂದೇ ಕರ್ವ್ ಸರಿ. ಫ್ಲೈಬಾರನ್ನು ಬಾಲದ ಉದ್ದ ಕೊಳವೆಗೆ (ಬೂಮ್) ಅಡ್ಡವಾಗಿ ನಿಲ್ಲಿಸಿ ಸಮತಟ್ಟು ಹಿಡಿಯಿರಿ, ಗೇಜನ್ನು ಬ್ಲೇಡಿನ ಮಧ್ಯಕ್ಕೆ ಸಿಕ್ಕಿಸಿ, ಫ್ಲೈಬಾರಿನ ಗೆರೆಗೆ ನೋಡಿ ಓದಿ. ಸ್ಟಿಕ್ ಮಧ್ಯ, ಮೇಲೆ, ಕೆಳಗೆ, ಮೂರು ಕಡೆ, ಎರಡೂ ಬ್ಲೇಡಿಗೆ.

ಜೊತೆಗೆ ಇನ್ನೆರಡು ವಿಷಯ ಹೇಳಿ: ಸ್ಟಿಕ್ ಮಧ್ಯದಲ್ಲಿ ಮೂರು ಸರ್ವೋ ಆರ್ಮೂ ಲಿಂಕಿಗೆ ಸರಿಯಾಗಿ 90 ಡಿಗ್ರಿ ಉಂಟಾ? ವಾಶ್‌ಔಟ್ ಆರ್ಮ್ (ಸ್ವಾಶ್‌ಗೂ ಫ್ಲೈಬಾರಿಗೂ ನಡುವಿನ ತೋಳು) ಮಲಗಿ ಉಂಟಾ?

ಉಪ್ಪಳ_450

ಅಳೆದೆ ಮಾಷ್ಟ್ರೇ. ಮಧ್ಯದಲ್ಲಿ +2, ಮೇಲೆ +12.5, ಕೆಳಗೆ -9. ಎರಡೂ ಬ್ಲೇಡಿಗೆ ಒಂದೇ. ಹಿಂದಿನ ಎಲಿವೇಟರ್ ಸರ್ವೋ ಆರ್ಮ್ ಸ್ವಲ್ಪ ಮೇಲೆ ನೋಡುತ್ತದೆ, ಉಳಿದೆರಡು ಸರಿ. ಸ್ವಾಶ್ ಎಎಫ್‌ಆರ್‌ನಲ್ಲಿ (ಸ್ವಾಶ್ ಎಷ್ಟು ಓಡಬೇಕು ಅಂತ ರೇಡಿಯೋದಲ್ಲಿ ಹಾಕುವ ಶೇಕಡಾ) ಏಲರಾನ್ (ಎಡ-ಬಲ ವಾಲುವುದು) 55, ಎಲಿವೇಟರ್ (ಮುಂದೆ-ಹಿಂದೆ ವಾಲುವುದು) 55, ಪಿಚ್ 60 ಉಂಟು.

ಮಾಷ್ಟ್ರು_ಕುಂಬಳೆ

ಹಾಗಾದರೆ ಕರ್ವ್ ತಪ್ಪು ಅನ್ನುವುದಕ್ಕಿಂತ ಮೆಕ್ಯಾನಿಕಲ್ ಸೊನ್ನೆ ತಪ್ಪಿದೆ. ಅದನ್ನು ಕರ್ವ್‌ನಲ್ಲಿ ಮುಚ್ಚಬಾರದು. ಮಧ್ಯಕ್ಕೆ 50ರ ಬದಲು 41 ಹಾಕಿದರೆ ಗೇಜಿನಲ್ಲಿ ಸೊನ್ನೆ ಬಂದೀತು. ಆದರೆ ಆಗ ಸರ್ವೋ ಆರ್ಮ್, ವಾಶ್‌ಔಟ್, ಮಿಕ್ಸಿಂಗ್ ಆರ್ಮ್ ಎಲ್ಲ ಓರೆಯಾಗಿ ನಿಲ್ಲುತ್ತವೆ. ಮೇಲೆ ಹೋಗುವಾಗ ಒಂದು ಅಳತೆ, ಕೆಳಗೆ ಬರುವಾಗ ಇನ್ನೊಂದು ಆಗುತ್ತದೆ, ಪಿಚ್ ಏರಿಸುವಾಗ ಸ್ವಾಶ್ ವಾಲಿ ಹೆಲಿ ಮುಂದಕ್ಕೋ ಹಿಂದಕ್ಕೋ ಜಾರುತ್ತದೆ.

ಕೆಳಗಿನಿಂದ ಮೇಲಕ್ಕೆ ಹೋಗಿ, ಅಂದರೆ ಸರ್ವೋದಿಂದ ಬ್ಲೇಡಿನ ಕಡೆಗೆ.

ಎಲಿವೇಟರ್ ಸರ್ವೋದ ಆರ್ಮ್ ಕಳಚಿ ಒಂದು ಹಲ್ಲು ಆಚೆ ಈಚೆ ಕೂರಿಸಿ ನೋಡಿ. ಆರ್ಮನ್ನು 180 ಡಿಗ್ರಿ ತಿರುಗಿಸಿ ಇನ್ನೊಂದು ಕೈಯನ್ನೂ ಪರೀಕ್ಷಿಸಿ, ಹಲ್ಲಿನ ಎಣಿಕೆಯಿಂದಾಗಿ ಒಂದು ಕೈ ಉಳಿದವಕ್ಕಿಂತ ಚೆನ್ನಾಗಿ 90ಕ್ಕೆ ಬರುತ್ತದೆ. ಉಳಿದ ಚೂರು ವ್ಯತ್ಯಾಸಕ್ಕೆ ಮಾತ್ರ ಸಬ್‌ಟ್ರಿಮ್. ಮೂರರಲ್ಲೂ ಬಾಲ್ ಒಂದೇ ತೂತಿನಲ್ಲಿರಬೇಕು. ಒಂದು ಹೊರಗಿನ ತೂತಿನಲ್ಲಿದ್ದರೆ ಮಧ್ಯದಲ್ಲಿ ಸ್ವಾಶ್ ಸಮ ಕಂಡು ಕೊನೆಯಲ್ಲಿ ವಾಲುತ್ತದೆ.

ಮತ್ತೆ ಸ್ವಾಶ್. ಮಧ್ಯದಲ್ಲಿ ಸಮ ಮಾಡುವುದು ಲಿಂಕ್ ಉದ್ದದಿಂದ. ಪೂರ್ತಿ ಮೇಲೆ, ಪೂರ್ತಿ ಕೆಳಗೆ ಸಮ ಮಾಡುವುದು ಆ ಸರ್ವೋದ ಎಂಡ್ ಪಾಯಿಂಟ್‌ನಿಂದ (ಅದು ಓಡುವ ಕೊನೆಯ ಮಿತಿ). ಈ ಎರಡನ್ನು ಅದಲುಬದಲು ಮಾಡಿದರೆ ಎಂದೂ ಮುಗಿಯುವುದಿಲ್ಲ.

ಸ್ವಾಶ್ ಸಮವಾದ ಮೇಲೆ ವಾಶ್‌ಔಟ್ ಆರ್ಮ್ ಮಲಗಿದೆಯಾ ನೋಡಿ, ಪ್ಯಾಡಲ್ ಎರಡೂ ಫ್ಲೈಬಾರ್ ಕೇಜಿಗೆ ಸಮಾನಾಂತರ ಇರಲಿ. ಕೊನೆಗೆ ಬ್ಲೇಡ್ ಗ್ರಿಪ್ಪಿನ ಲಿಂಕ್. ಉದ್ದ ಮಾಡಿದರೆ ಪಿಚ್ ಏರುತ್ತದಾ ಇಳಿಯುತ್ತದಾ ಅನ್ನುವುದು ಹೆಡ್ ನೋಡಿ ಹೋಗುತ್ತದೆ. ಒಂದು ಪೂರ್ತಿ ಸುತ್ತು ತಿರುಗಿಸಿ ಅಳೆದರೆ ಗೊತ್ತಾಗುತ್ತದೆ. ಎಂ2 ತ್ರೆಡ್ಡಿನಲ್ಲಿ ಒಂದು ಸುತ್ತಿಗೆ 0.4 ಮಿ.ಮೀ. ಎರಡೂ ಬ್ಲೇಡಿಗೆ ಅಷ್ಟಷ್ಟೇ ಸುತ್ತು. ಬಾಲ್ ಲಿಂಕಿನಲ್ಲಿ ಅಕ್ಷರ ಇದ್ದರೆ ಅಕ್ಷರದ ಬದಿ ಹೊರಗೆ, ಹಾಗಾಗಿ ಅರ್ಧ ಸುತ್ತಿಗೆ ನಿಲ್ಲಿಸಬೇಡಿ.

ಮಧ್ಯ ಸೊನ್ನೆಗೆ ಬಂದ ಮೇಲೆ ಮೇಲೆ ಕೆಳಗೆ ±11 ಬರುವ ಹಾಗೆ ಸ್ವಾಶ್ ಎಎಫ್‌ಆರ್‌ನ ಪಿಚ್ ಶೇಕಡಾವನ್ನು ಏರಿಸಿ ಇಳಿಸಿ. ನಿಮ್ಮದರಲ್ಲಿ ಒಟ್ಟು ಓಟ 21.5 ಡಿಗ್ರಿ ಉಂಟು, 61ರ ಆಸುಪಾಸಿನಲ್ಲಿ 22 ಆಗುತ್ತದೆ.

ಒಂದು ಪರೀಕ್ಷೆ ಮರೆಯಬೇಡಿ: ಪಿಚ್ ಪೂರ್ತಿ ಮೇಲೆ ಇಟ್ಟು ಸೈಕ್ಲಿಕ್ (ಹೆಲಿಯನ್ನು ವಾಲಿಸುವ) ಸ್ಟಿಕ್ಕನ್ನು ನಾಲ್ಕೂ ಮೂಲೆಗೆ ಸುತ್ತಿಸಿ, ಪಿಚ್ ಪೂರ್ತಿ ಕೆಳಗೆ ಇಟ್ಟು ಇನ್ನೊಮ್ಮೆ. ಎಲ್ಲಾದರೂ ಸರ್ವೋ ಗುಂಯ್ ಅಂದರೆ ಅಲ್ಲಿ ಏನೋ ತಾಗುತ್ತದೆ. ಸೈಕ್ಲಿಕ್ ಶೇಕಡಾ ಇಳಿಸಿ, ಆದರೆ ಏಲರಾನ್ ಎಲಿವೇಟರ್ ಎರಡನ್ನೂ ಸಮವಾಗಿ ಇಳಿಸಿ.

ಹೊಸೂರು_ರೋಟರ್

ಮಾಷ್ಟ್ರು ಹೇಳಿದ್ದಕ್ಕೆ ಒಂದು ಸೇರ್ಪಡೆ. ಸರ್ವೋ ದಿಕ್ಕು ತಪ್ಪಿದ್ದರೆ ಎಲ್ಲಿ ತಿದ್ದಬೇಕು ಅನ್ನೋದರಲ್ಲಿ ತುಂಬಾ ಜನ ಸಿಕ್ಕಿಹಾಕ್ಕೋತಾರೆ. ಪಿಚ್ ಏರಿಸಿದಾಗ ಎರಡು ಸರ್ವೋ ಮೇಲೆ, ಒಂದು ಕೆಳಗೆ ಹೋದರೆ ಆ ಒಂದನ್ನು ರಿವರ್ಸ್ ಮಾಡಿ. ಮೂರೂ ಒಟ್ಟಿಗೇ ಕೆಳಗೆ ಹೋದರೆ ಸರ್ವೋ ಮುಟ್ಟಬೇಡಿ, ಎಎಫ್‌ಆರ್‌ನಲ್ಲಿ ಪಿಚ್ +60 ಇದ್ದದ್ದನ್ನು -60 ಮಾಡಿ. ಮೂರೂ ಒಟ್ಟಿಗೆ ಓಡೋ ಹಾಗಾದ ಮೇಲೆ ಏಲರಾನ್ ಉಲ್ಟಾ ಇದ್ದರೆ ಏಲರಾನ್ ಚಿಹ್ನೆ, ಎಲಿವೇಟರ್ ಉಲ್ಟಾ ಇದ್ದರೆ ಎಲಿವೇಟರ್ ಚಿಹ್ನೆ. ಈ ಕ್ರಮದಲ್ಲಿ ಹೋದರೆ ಐದು ನಿಮಿಷದ ಕೆಲಸ.

ಉಪ್ಪಳ_450

ಲಿಂಕ್ ಸರಿ ಮಾಡಿದೆ. ಈಗ ಮಧ್ಯ 0, ಮೇಲೆ +11, ಕೆಳಗೆ -11. ಮೂಲೆಗಳಲ್ಲಿ ಸದ್ದಿಲ್ಲ. ಇನ್ನು ಕರ್ವ್ ಹೇಳಿ.

ಮಾಷ್ಟ್ರು_ಕುಂಬಳೆ

ಈಗ ಲೆಕ್ಕ ಸುಲಭ. 0ಯಿಂದ 100ಕ್ಕೆ 22 ಡಿಗ್ರಿ, ಅಂದರೆ ಒಂದು ಡಿಗ್ರಿಗೆ ಸುಮಾರು 4.5 ಅಂಕ. ಬೇಕಾದ ಡಿಗ್ರಿಗೆ 11 ಕೂಡಿಸಿ 4.5ರಿಂದ ಗುಣಿಸಿ. -3 ಡಿಗ್ರಿಗೆ 36, ಸೊನ್ನೆಗೆ 50, +5ಕ್ಕೆ 73, +10ಕ್ಕೆ 95.

ನಿಮ್ಮ ಮೊದಲ ತೊಂದರೆಯ ಕಾರಣ ಇಲ್ಲೇ ಉಂಟು. ನಾರ್ಮಲ್‌ನಲ್ಲಿ ಮಧ್ಯ 70, ಅದು ಈ ಅಳತೆಯಲ್ಲಿ +4.4 ಡಿಗ್ರಿ. ಐಡಲ್ ಅಪ್‌ನಲ್ಲಿ ಮಧ್ಯ 50, ಸೊನ್ನೆ ಡಿಗ್ರಿ. ಸ್ವಿಚ್ ಹಾಕಿದ ಕ್ಷಣದಲ್ಲಿ ಸ್ಟಿಕ್ ಅಲ್ಲೇ ಇದ್ದರೂ ಬ್ಲೇಡಿನ ಪಿಚ್ ಪೂರ್ತಿ ಹೋಯಿತು. ಬೀಳದೆ ಎಂತ ಮಾಡುತ್ತದೆ?

ಪಿಚ್ ಹೀಗೆ ಇಡಿ:

ನಾರ್ಮಲ್: 36-43-50-73-95
ಐಡಲ್ ಅಪ್: 0-25-50-75-100
ಹೋಲ್ಡ್: 27-38-50-75-100

ನಾರ್ಮಲ್‌ನ ಮೇಲಿನ ಅರ್ಧವೂ ಐಡಲ್ ಅಪ್‌ನ ಮೇಲಿನ ಅರ್ಧವೂ ಹೆಚ್ಚುಕಡಿಮೆ ಒಂದೇ ಆಯಿತು. ಹೋವರ್ ಎರಡರಲ್ಲೂ ಮುಕ್ಕಾಲು ಸ್ಟಿಕ್ ಹತ್ತಿರ, +5 ಡಿಗ್ರಿಯಲ್ಲಿ. ಸ್ವಿಚ್ ಹಾಕಿದರೆ ಬೀಳಲಿಕ್ಕೆ ಕಾರಣ ಉಳಿಯುವುದಿಲ್ಲ.

ಜತ್ತ_ನೈಟ್ರೋ

ಮಾಷ್ಟ್ರ, ಇಲ್ಲಿ ನಾ ಸ್ವಲ್ಪ ಬ್ಯಾರೆ ಹೇಳ್ತೀನ್ರಿ. ಹೊಸದಾಗಿ ಕಲಿಯೋರಿಗೆ ಹೋವರ್ ಮಧ್ಯದಾಗ ಬಂದ್ರ ಕೈಗೆ ಸಲೀಸು. ಮ್ಯಾಲೆ ಕೆಳಗ ಎರಡೂ ಕಡೆ ಸಮ ಜಾಗ ಸಿಗತೈತಿ. ಮುಕ್ಕಾಲು ಸ್ಟಿಕ್ಕಿನ ಮ್ಯಾಲೆ ಹೋವರ್ ಇಟ್ರ ಒಂದ್ ಚೂರು ಅಂಜಿ ಸ್ಟಿಕ್ ಮಧ್ಯಕ್ಕ ಎಳದ್ರೂ ಸೊನ್ನೆ ಡಿಗ್ರಿ, ಹೆಲಿ ಕಲ್ಲಿನಂಗ ಬೀಳತೈತಿ. ಬರೇ ಹೋವರ್ ಕಲಿಯೋತನಕ ನಾರ್ಮಲ್ 36-54-73-84-95 ಇರಲಿ, ಐಡಲ್ ಅಪ್ ಸ್ವಿಚ್ಚಿಗೆ ಕೈ ಹಚ್ಚೋದ ಬ್ಯಾಡ.

ಮಾಷ್ಟ್ರು_ಕುಂಬಳೆ

ಐಡಲ್ ಅಪ್ ಮುಟ್ಟದವರಿಗೆ ನೀವು ಹೇಳಿದ್ದು ಸರಿಯೇ. ಆದರೆ ಇವರು ಆಗಲೇ ಐಡಲ್ ಅಪ್ ಹಾಕುತ್ತಿದ್ದಾರೆ. ಮಧ್ಯದಲ್ಲಿ ಹೋವರ್ ಅಂತ ಬೆರಳಿಗೆ ಅಭ್ಯಾಸ ಆದ ಮೇಲೆ ಬಿಡಿಸುವುದು ಕಷ್ಟ. ಎರಡು ಮೋಡಿಗೆ ಎರಡು ಅಭ್ಯಾಸ ಬೇಡ ಅನ್ನುವುದು ನನ್ನ ವಾದ.

ಪೆರ್ಲ_ಸ್ವಾಶ್

ಮಧ್ಯದ ದಾರಿಯೂ ಉಂಟು. ಸ್ವಿಚ್ ಹಾಕುವ ಮೊದಲು ಸ್ಟಿಕ್ಕನ್ನು ಮುಕ್ಕಾಲಿಗೆ ತಂದು ಹಾಕುವುದು ಅಂತ ಕಲಿತರೆ 36-54-73-73-95 ಅಂತ ಚಪ್ಪಟೆ ತುಂಡು ಇಟ್ಟುಕೊಳ್ಳಬಹುದು ಅನ್ನುವವರಿದ್ದಾರೆ. ಅದು ಬೇಡವೇ ಬೇಡ. ಆ ಚಪ್ಪಟೆ ಜಾಗದಲ್ಲಿ ಸ್ಟಿಕ್ ಆಡಿಸಿದರೂ ಹೆಲಿ ಕೇಳುವುದಿಲ್ಲ, ದಾಟಿದ ಕೂಡಲೇ ಹಾರುತ್ತದೆ. ಪಿಚ್ ಕರ್ವ್ ನೇರ ಇದ್ದಷ್ಟೂ ಒಳ್ಳೆಯದು. ಮಾಷ್ಟ್ರ ಕರ್ವ್ ನನಗೆ ಒಪ್ಪಿಗೆ.

ಹೊಸೂರು_ರೋಟರ್

ಈಗ ಥ್ರಾಟಲ್ ಕಡೆ ಬರೋಣ. ಎರಡನೇ ತೊಂದರೆಗೆ ಉತ್ತರ ಅಲ್ಲಿದೆ.

ಥ್ರಾಟಲ್ ಕರ್ವ್ ಇರೋದು ಒಂದೇ ಕೆಲಸಕ್ಕೆ: ಪಿಚ್ ಎಷ್ಟೇ ಇರಲಿ, ರೋಟರ್ ಸುತ್ತು ಒಂದೇ ಇರಬೇಕು. ಪಿಚ್ ಏರಿದರೆ ಬ್ಲೇಡಿಗೆ ಗಾಳಿಯ ತಡೆ ಜಾಸ್ತಿ, ಸುತ್ತು ಇಳಿಯುತ್ತೆ. ಅದನ್ನು ತುಂಬಿಕೊಡೋಕೆ ಥ್ರಾಟಲ್ ಏರಬೇಕು. ನೀವು ಐಡಲ್ ಅಪ್‌ನಲ್ಲಿ ಉದ್ದಕ್ಕೂ 70 ಹಾಕಿದೀರ. ಇಎಸ್‌ಸಿಯಲ್ಲಿ ಗವರ್ನರ್ ಆನ್ ಇದ್ದರೆ ಸಮತಟ್ಟು ಕರ್ವ್ ಸರಿ, ಆಗ 70 ಅಂದರೆ 'ಈ ಸುತ್ತು ಕಾಪಾಡು' ಅನ್ನೋ ಆಜ್ಞೆ. ಗವರ್ನರ್ ಇಲ್ಲದಿದ್ದರೆ 70 ಅಂದರೆ ಬರೀ 70 ಭಾಗ ಶಕ್ತಿ, ಅಷ್ಟೇ. ಪಿಚ್ 11ಕ್ಕೆ ಹೋದಾಗಲೂ ಅಷ್ಟೇ ಶಕ್ತಿ ಕೊಟ್ಟರೆ ಸುತ್ತು ಕುಸಿಯದೆ ಇರಲ್ಲ.

ಗವರ್ನರ್ ಇಲ್ಲ ಅಂದ್ಕೊಂಡು:

ನಾರ್ಮಲ್: 0-50-65-75-85
ಐಡಲ್ ಅಪ್: 95-85-80-85-95

ಐಡಲ್ ಅಪ್ 'ವಿ' ಆಕಾರ ಯಾಕೆ ಅಂದರೆ, ಸ್ಟಿಕ್ ಪೂರ್ತಿ ಕೆಳಗಿದ್ದಾಗ ಪಿಚ್ -11. ತಲೆಕೆಳಗಾಗಿ ಹಾರೋವಾಗ ಅದೂ ಅಷ್ಟೇ ಭಾರ. ಹೊರೆ ಕಡಿಮೆ ಇರೋದು ಮಧ್ಯದಲ್ಲಿ, ಸೊನ್ನೆ ಡಿಗ್ರಿಯಲ್ಲಿ ಮಾತ್ರ. ಅಲ್ಲಿ ಸುತ್ತು ಓಡಿಹೋಗದೆ ಇರಲಿ ಅಂತ ಮಧ್ಯ ತಗ್ಗಿಸೋದು.

ಇದು ಶುರುವಿನ ಸಂಖ್ಯೆ. ಕೂತಿದೆಯಾ ಅನ್ನೋದನ್ನು ಕಿವಿಯಿಂದ ಊಹಿಸಬೇಡಿ. ಆಪ್ಟಿಕಲ್ ಟ್ಯಾಕೋಮೀಟರ್ ಇದ್ದರೆ ಸರಿ. ಇಲ್ಲದಿದ್ದರೆ ಫೋನಿನಲ್ಲಿ ಸದ್ದಿನ ಸ್ಪೆಕ್ಟ್ರಮ್ ತೋರಿಸೋ ಯಾವುದಾದರೂ ಆ್ಯಪ್ ಸಾಕು. ಎರಡು ಬ್ಲೇಡಿನ ರೋಟರ್ ಒಂದು ಸುತ್ತಿಗೆ ಎರಡು ಸಲ ಬಡಿಯುತ್ತೆ. ಹಾಗಾಗಿ ಹರ್ಟ್ಸ್ ಸಂಖ್ಯೆಯನ್ನು 30ರಿಂದ ಗುಣಿಸಿದರೆ ನಿಮಿಷದ ಸುತ್ತು. 87 ಹರ್ಟ್ಸ್ ಬಂದರೆ 2610. 174ರಲ್ಲೂ ಒಂದು ಮೊನೆ ಕಾಣುತ್ತೆ, ಅದು ಇದರದೇ ದುಪ್ಪಟ್ಟು, ಲೆಕ್ಕಕ್ಕೆ ತಗೋಬೇಡಿ. ಸುರಕ್ಷಿತ ದೂರದಲ್ಲಿ ಇನ್ನೊಬ್ಬರು ಫೋನ್ ಹಿಡಿದು ರೆಕಾರ್ಡ್ ಮಾಡಲಿ, ಆಮೇಲೆ ನಿಧಾನವಾಗಿ ನೋಡಿ. ಹೋವರ್‌ನಲ್ಲಿ ಇರೋ ಸುತ್ತೂ ಜೋರಾಗಿ ಏರೋವಾಗಿನ ಸುತ್ತೂ 100ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಮೇಲಿನ ಎರಡು ಪಾಯಿಂಟ್ 3-3 ಅಂಕ ಏರಿಸಿ ಮತ್ತೆ ಅಳೀರಿ.

ಉಪ್ಪಳ_450

ಇಎಸ್‌ಸಿಯಲ್ಲಿ ಗವರ್ನರ್ ಉಂಟು, ಆದರೆ ಆನ್ ಮಾಡಿಲ್ಲ. ಮಾಡಿದರೆ ಒಳ್ಳೆಯದಾ? ಮಾಡಿದರೆ 'ವಿ' ಕರ್ವ್ ಇಡಬೇಕಾ?

ಹೊಸೂರು_ರೋಟರ್

ಗವರ್ನರ್ ಜೊತೆ 'ವಿ' ಬೇಡ. ಒಂದು ಕಡೆ ನೀವು ಸುತ್ತು ಬದಲಿಸು ಅಂತೀರಿ, ಇನ್ನೊಂದು ಕಡೆ ಅದು ಕಾಪಾಡೋಕೆ ನೋಡುತ್ತೆ, ಮೋಟರ್ ಏರಿಳಿತ ಶುರುವಾಗುತ್ತೆ, ಬಾಲ ಅಲ್ಲಾಡುತ್ತೆ. ಸಮತಟ್ಟು ಒಂದೇ ಸಂಖ್ಯೆ.

ಆದರೆ ಆನ್ ಮಾಡೋ ಮೊದಲು ಮೋಟರಿಗೆ ಮೇಲುಗಡೆ ಜಾಗ ಇದೆಯಾ ಲೆಕ್ಕ ಹಾಕಿ. 3500 ಕೆವಿ ಗುಣಿಸು 11.1 ವೋಲ್ಟ್ ಅಂದರೆ 38,850. ಅದಕ್ಕೆ 12/150 ಹಾಕಿದರೆ ರೋಟರಿನಲ್ಲಿ 3108. ಹೊರೆ ಬಿದ್ದಾಗ ನಿಜಕ್ಕೂ ಸಿಗೋದು ಅದರ 85 ಭಾಗ ಅಂತಿಟ್ಟುಕೊಂಡರೆ ಸುಮಾರು 2640. ನೀವು 2600 ಕಾಪಾಡು ಅಂದರೆ ಅದರ ಹತ್ತಿರ ಉಳಿದದ್ದು ಏನೂ ಇಲ್ಲ. ಬ್ಯಾಟರಿ ಅರ್ಧ ಇಳಿದ ಮೇಲೆ ಗವರ್ನರ್ ಇದ್ದೂ ಇಲ್ಲದ ಹಾಗೆ. 13 ಹಲ್ಲಿನ ಪಿನಿಯನ್ ಹಾಕಿದರೆ 3367, ಅದರ 85 ಭಾಗ 2860. ಆಗ 2500 ಆರಾಮಾಗಿ ಹಿಡಿಯುತ್ತೆ. 12 ಹಲ್ಲೇ ಇರಲಿ ಅಂದರೆ ಗುರಿ 2300-2400 ಇಟ್ಟುಕೊಳ್ಳಿ, ಹೋವರಿಗೆ ಸಾಕು.

ಹಾಗಂತ ಪಿನಿಯನ್ ದೊಡ್ಡದು ಹಾಕಿ ಥ್ರಾಟಲ್ 50ರಲ್ಲಿ ಓಡಿಸೋದೂ ತಪ್ಪು. ಅರ್ಧ ಥ್ರಾಟಲ್‌ನಲ್ಲಿ ಇಎಸ್‌ಸಿ ಕ್ಷಣಕ್ಷಣಕ್ಕೂ ಕರೆಂಟ್ ಕತ್ತರಿಸಿ ಕೊಡ್ತಾ ಇರುತ್ತೆ, ಪೂರ್ತಿ ತೆರೆದಾಗಿಗಿಂತ ಬಿಸಿ ಅದಕ್ಕೇ ಹೆಚ್ಚು. 70ರಿಂದ 85ರ ಒಳಗೆ ಬೇಕಾದ ಸುತ್ತು ಬರೋ ಹಾಗೆ ಪಿನಿಯನ್ ಆರಿಸಿ. ಹೊಸ ಪಿನಿಯನ್ ಹಾಕೋವಾಗ ಗೇರ್ ಮಧ್ಯೆ ತೆಳು ಕಾಗದದ ಪಟ್ಟಿ ಇಟ್ಟು ಒತ್ತಿ ಸ್ಕ್ರೂ ಬಿಗಿ ಮಾಡಿ, ಕಾಗದ ಹರಿಯದೆ ಮಡಿಕೆ ಬಿದ್ದು ಹೊರಬಂದರೆ ಸಂದು ಸರಿ ಇದೆ. ಮೇನ್ ಗೇರ್ ಒಂದು ಪೂರ್ತಿ ಸುತ್ತು ತಿರುಗಿಸಿ ಎಲ್ಲೂ ಬಿಗಿ ಇಲ್ಲ ಅಂತ ನೋಡಿ.

ಇಎಸ್‌ಸಿಗೆ ಥ್ರಾಟಲ್‌ನ ಎಂಡ್ ಪಾಯಿಂಟ್ ಕಲಿಸೋದನ್ನು ಬಿಡಬೇಡಿ. ಮೋಟರ್ ವಯರ್ ಕಳಚಿದರೆ ಕೆಲವು ಇಎಸ್‌ಸಿ ಬೀಪ್ ಮಾಡಲ್ಲ, ಯಾಕೆಂದರೆ ಆ ಸದ್ದು ಬರೋದೇ ಮೋಟರಿಂದ. ಅದಕ್ಕೆ ಈ ಒಂದು ಕೆಲಸಕ್ಕೆ ವಯರ್ ಹಾಕಿ ಪಿನಿಯನ್ನನ್ನು ಮೇನ್ ಗೇರಿನಿಂದ ದೂರ ಸರಿಸಿ, ಮುಖ್ಯ ಬ್ಲೇಡ್ ಬಿಚ್ಚಿ. ಥ್ರಾಟಲ್ ಕರ್ವ್ 0-25-50-75-100 ಮಾಡಿ, ಸ್ಟಿಕ್ ಮೇಲಿಟ್ಟು ಬ್ಯಾಟರಿ ಹಾಕಿ, ಬೀಪ್ ಬಂದ ಮೇಲೆ ಸ್ಟಿಕ್ ಕೆಳಗೆ. ಹೆಚ್ಚಿನ ಇಎಸ್‌ಸಿಗಳಲ್ಲಿ ಇದೇ ಕ್ರಮ, ಆದರೂ ನಿಮ್ಮದರ ಚೀಟಿ ಓದಿಕೊಳ್ಳಿ. ಇದನ್ನು 85ಕ್ಕೆ ನಿಲ್ಲೋ ಕರ್ವ್‌ನಲ್ಲಿ ಮಾಡಿದರೆ ಇಎಸ್‌ಸಿ 85ನ್ನೇ ಪೂರ್ತಿ ಅಂದ್ಕೊಳ್ಳುತ್ತೆ, ಆಮೇಲೆ ನಿಮ್ಮ ಯಾವ ಸಂಖ್ಯೆಗೂ ಅರ್ಥ ಇರಲ್ಲ.

ಪೆರ್ಲ_ಸ್ವಾಶ್

ಬಾಲದ ವಿಷಯ ಯಾರೂ ಹೇಳಲಿಲ್ಲ. ಹೆಡಿಂಗ್ ಹೋಲ್ಡ್ ಗೈರೋ ಇರುವಾಗ ಥ್ರಾಟಲ್‌ನಿಂದ ರಡ್ಡರಿಗೆ ಮಿಕ್ಸ್ ಇರಲೇಬಾರದು. ರಡ್ಡರ್ ಚಾನೆಲ್‌ನಲ್ಲಿ ಬರುವ ಸಂಕೇತವನ್ನು ಆ ಗೈರೋ 'ಇಷ್ಟು ವೇಗದಲ್ಲಿ ತಿರುಗು' ಅಂತಲೇ ಓದುತ್ತದೆ. ನೀವು 15 ಹಾಕಿದ್ದು ಪಿಚ್ ಏರಿಸಿದಾಗಲೆಲ್ಲ ತಿರುಗು ಅಂತ ಹೇಳಿದ ಹಾಗೆ. ಮಿಕ್ಸ್ ತೆಗೆಯಿರಿ, ರಡ್ಡರ್ ಟ್ರಿಮ್ ಸಬ್‌ಟ್ರಿಮ್ ಎರಡೂ ಸೊನ್ನೆ ಮಾಡಿ.

ಆಮೇಲೂ ಸ್ವಲ್ಪ ಎಳೆತ ಉಳಿದರೆ ಅದು ಸುತ್ತು ಕುಸಿಯುವುದರಿಂದ. ಬಾಲದ ರೋಟರ್ ಮೇನ್ ಗೇರಿನಿಂದಲೇ ಓಡುವುದು ತಾನೆ, ಮುಖ್ಯ ರೋಟರ್ ಸುತ್ತು ಇಳಿದರೆ ಬಾಲದ ಬಲವೂ ಇಳಿಯುತ್ತದೆ, ಟಾರ್ಕ್ ಹೆಚ್ಚಾದ ಅದೇ ಹೊತ್ತಿನಲ್ಲಿ. ಥ್ರಾಟಲ್ ಕರ್ವ್ ಸರಿಯಾದರೆ ಮುಕ್ಕಾಲು ಪಾಲು ಅದೂ ಹೋಗುತ್ತದೆ. ಉಳಿದದ್ದಕ್ಕೆ ಬಾಲದ ಬೆಲ್ಟ್ ಸಡಿಲ ಉಂಟಾ, ಸ್ಲೈಡರ್ ಬಿಗಿ ಉಂಟಾ ನೋಡಿ, ಆಮೇಲೆ ಗೈರೋ ಗೇನ್. ಗೇನ್ ಹೆಚ್ಚಾದರೆ ಬಾಲ ಪಟಪಟ ಅಲ್ಲಾಡುತ್ತದೆ, ಅಲ್ಲಿಂದ ಎರಡು ಮೂರು ಅಂಕ ಕೆಳಗೆ ನಿಲ್ಲಿಸಿ.

ಜತ್ತ_ನೈಟ್ರೋ

ನೈಟ್ರೋ (ಇಂಧನದ ಇಂಜಿನ್) ಹೆಲಿಯವ್ರೂ ಇದನ್ನ ಓದ್ತಿರ್ತಾರ, ಅದಕ್ಕ ಎರಡ ಮಾತು. ಇಂಜಿನ್ನಿಗೆ ಮ್ಯಾಲಿನ ಥ್ರಾಟಲ್ ಸಂಖ್ಯೆ ಹಾಕಬ್ಯಾಡ್ರಿ. ಕಾರ್ಬುರೇಟರ್ ಅರ್ಧ ತೆರದ್ರ ಹೋವರಿಗೆ ಸಾಕಾಗೋವಷ್ಟು ಶಕ್ತಿ ಬರತೈತಿ.

ಮೊದಲ ಲಿಂಕೇಜ್. ಕರ್ವ್ ನೇರ ಇಟ್ಟು, ಸ್ಟಿಕ್ ಮಧ್ಯದಾಗ ಬ್ಯಾರಲ್ ಅರ್ಧ ತೆರದಿರಬೇಕು, ಸರ್ವೋ ಆರ್ಮು ಕಾರ್ಬುರೇಟರ್ ಆರ್ಮು ಒಂದಕ್ಕೊಂದು ಸಮಾನಾಂತರ. ಮ್ಯಾಲೆ ಪೂರ್ತಿ ತೆರಿಬೇಕು, ಕೆಳಗ ಟ್ರಿಮ್ಮೂ ಪೂರ್ತಿ ಇಳಿಸಿದಾಗ ಪೂರ್ತಿ ಮುಚ್ಚಬೇಕು, ಇಂಜಿನ್ ಬಂದ್ ಮಾಡಾಕ ಅದ ದಾರಿ. ಕೊನೀಗೆ ಸರ್ವೋ ಗುಂಯ್ ಅನ್ನಬಾರದು.

ನಾರ್ಮಲ್ 0-25-45-65-100, ಐಡಲ್ ಅಪ್ 100-65-48-65-100, ಇವು ಶುರುವಿಗೆ ನಡೀತಾವ್ರಿ. ಹೋಲ್ಡಿನ್ಯಾಗ ಇಂಜಿನ್ ಆರದಂಗ, ಕ್ಲಚ್ ಹಿಡೀದಂಗ ಒಂದು ಜಾಗ ಹುಡುಕ್ರಿ. ಸ್ಟಾರ್ಟ್ ಮಾಡೋ ಮೊದಲ ನಾರ್ಮಲ್ ಮೋಡ್, ಹೋಲ್ಡ್ ಹಾಕಿದ್ದು, ಎರಡೂ ಖಾತ್ರಿ ಮಾಡ್ಕೋರಿ, ಮತ್ತ ರೋಟರ್ ಹೆಡ್ಡನ್ನ ಕೈಯಾಗ ಗಟ್ಟಿ ಹಿಡೀರಿ. ಐಡಲ್ ಅಪ್ ಇದ್ದಾಗ ಇಂಜಿನ್ ಹತ್ತಿದ್ರ ಕ್ಲಚ್ ತಕ್ಷಣ ಹಿಡೀತೈತಿ.

ಕಾರ್ಬುರೇಟರಿನ ಮುಖ್ಯ ಸೂಜಿ (ಇಂಧನ ಎಷ್ಟು ಹೋಗಬೇಕು ಅಂತ ಹೊಂದಿಸೋದು) ಸರಿ ಆಗೂತನಕ ಕರ್ವ್ ತಿದ್ದಾಕ ಕುಂದ್ರಬ್ಯಾಡ್ರಿ. ಮಿಶ್ರಣ ತೆಳು ಇದ್ರ ಮ್ಯಾಲೇರೋವಾಗ ಇಂಜಿನ್ ಸೊರಗತೈತಿ, ಅದನ್ನ ನೋಡಿ ಪಿಚ್ ಜಾಸ್ತಿ ಆತು ಅಂತ ಪಿಚ್ ಇಳಿಸ್ತಾರ. ಹೊಗಿ ಬಾಲ ಬಿಡೂವಷ್ಟು ದಟ್ಟ ಮಿಶ್ರಣದಿಂದ ಶುರು ಮಾಡಿ ಎರಡೆರಡ ಕ್ಲಿಕ್ ಬಿಗಿ ಮಾಡ್ಕೋತ ಬರ್ರಿ.

ಹೊಸೂರು_ರೋಟರ್

ಜತ್ತದವರು ಇಂಜಿನ್ ವಿಷಯ ಎತ್ತಿದ್ದರಿಂದ ಗಾಳಿಯ ಸಾಂದ್ರತೆ ಬಗ್ಗೆ. ಉಪ್ಪಳದಲ್ಲಿ ಸಮುದ್ರ ಮಟ್ಟ. ಹೊಸೂರು ಸುಮಾರು 900 ಮೀಟರ್ ಎತ್ತರ. ಉಪ್ಪಳದಲ್ಲಿ 32 ಡಿಗ್ರಿ ಸೆಲ್ಸಿಯಸ್, ಇಲ್ಲಿ ಹೊಸೂರಲ್ಲಿ 28 ಇದ್ದ ದಿನ ಇಲ್ಲಿನ ಗಾಳಿ ಸುಮಾರು ಶೇ 9 ತೆಳು. ಅದೇ ಸುತ್ತಿನಲ್ಲಿ ಹೋವರ್ ಮಾಡೋಕೆ ಇಲ್ಲಿ ಅರ್ಧ ಡಿಗ್ರಿ ಹತ್ತಿರ ಹೆಚ್ಚು ಪಿಚ್ ಬೇಕು, ಇಲ್ಲಾ ಪಿಚ್ ಅದೇ ಇಟ್ಟು ಸುತ್ತು ಶೇ 4-5 ಏರಿಸಬೇಕು. ಸೊಲ್ಲಾಪುರ ಕಡೆ 450 ಮೀಟರ್ ಎತ್ತರವೇ ಆದರೂ ಮೇ ತಿಂಗಳ 42 ಡಿಗ್ರಿಯಲ್ಲಿ ಗಾಳಿ ಹೊಸೂರಿನಷ್ಟೇ ತೆಳು ಆಗುತ್ತೆ. ಒಂದು ಊರಿನ ಕರ್ವ್ ಇನ್ನೊಂದು ಊರಿಗೆ ಒಂದು ಚೂರು ತಿದ್ದದೆ ಕೂರಲ್ಲ ಅನ್ನೋದಕ್ಕೆ ಇದೂ ಒಂದು ಕಾರಣ.

ಮಾಷ್ಟ್ರು_ಕುಂಬಳೆ

ಕರಾವಳಿಯವರಿಗೆ ಇನ್ನೊಂದು ಸೇರಿಸುತ್ತೇನೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಶುರುವಾದರೆ ಹೋವರ್ ಪಿಚ್ ಅಳೆಯುವುದು ವ್ಯರ್ಥ. ಎದುರು ಗಾಳಿಯೇ ರೋಟರಿಗೆ ಎತ್ತುವ ಬಲ ಕೊಡುತ್ತದೆ, ಕಡಿಮೆ ಪಿಚ್ಚಿಗೆ ನಿಂತ ಹಾಗೆ ಕಾಣುತ್ತದೆ. ಬೆಳಿಗ್ಗೆ ಗಾಳಿ ಏಳುವ ಮೊದಲು ಅಳೆಯಿರಿ. ಪದವಿನ (ಗುಡ್ಡದ ಮೇಲಿನ ಬಯಲು) ಮುರಕಲ್ಲಿನ ಕೆಂಪು ಹುಡಿ ಬಾಲ್ ಲಿಂಕಿಗೂ ಮೋಟರಿನ ಬೇರಿಂಗಿಗೂ ಹೋಗುತ್ತದೆ, ಅಲ್ಲಿ ಒಂದು ಹಳೆ ಚಾಪೆಯೋ ಪ್ಲೈವುಡ್ ತುಂಡೋ ಹಾಸಿ ಅದರ ಮೇಲಿಂದ ಎಬ್ಬಿಸಿ. ಕೊಯ್ಲಾದ ಗದ್ದೆ ಇನ್ನೂ ಒಳ್ಳೆಯದು.

ಉಪ್ಪಿನ ಗಾಳಿಯಲ್ಲಿ ಬ್ಲೇಡ್ ಗ್ರಿಪ್ಪಿನ ಒಳಗಿನ ತ್ರಸ್ಟ್ ಬೇರಿಂಗ್ ಬೇಗ ಒಣಗಿ ತುಕ್ಕು ಹಿಡಿಯುತ್ತದೆ. ಮೇಜಿನ ಮೇಲೆ ಗೇಜಿನಲ್ಲಿ 11 ಬಂದದ್ದು ಹಾರುವಾಗ 11 ಬರಬೇಕಾದರೆ ಅದು ನುಣ್ಣಗೆ ತಿರುಗಬೇಕು. 30 ಗ್ರಾಂ ಬ್ಲೇಡ್, ತೂಕದ ಕೇಂದ್ರ ಶಾಫ್ಟಿನಿಂದ 19 ಸೆಂ.ಮೀ. ಅಂತ ಹಿಡಿಯಿರಿ. 2600 ಸುತ್ತಿನಲ್ಲಿ ಅದು ಗ್ರಿಪ್ಪನ್ನು ಹೊರಗೆ ಎಳೆಯುವ ಬಲ ಸುಮಾರು 43 ಕಿಲೋ ತೂಕದಷ್ಟು. ಅಷ್ಟು ಎಳೆತದಲ್ಲಿ ಒಣ ಬೇರಿಂಗನ್ನು ತಿರುಗಿಸಲಿಕ್ಕೆ ಸಣ್ಣ ಸರ್ವೋಗಳು ಒದ್ದಾಡುತ್ತವೆ, ಪಿಚ್ ತಡವಾಗಿ, ಕಡಿಮೆಯಾಗಿ ಬರುತ್ತದೆ. ಸಂಖ್ಯೆ ಎಲ್ಲ ಸರಿ ಇದ್ದೂ ಹೆಲಿ ಮಂದ ಅನ್ನಿಸಿದರೆ ಮೊದಲು ನೋಡಬೇಕಾದ ಜಾಗ ಅದು. ಬಿಚ್ಚಿ ತೊಳೆದು ಗ್ರೀಸ್ ತುಂಬಿ ಹಾಕುವಾಗ, ಎರಡು ವಾಶರಿನಲ್ಲಿ ತೂತು ದೊಡ್ಡದಿರುವುದು ಒಳಗೆ ಹೆಡ್ ಬ್ಲಾಕಿನ ಕಡೆಗೆ, ಸಣ್ಣದು ಹೊರಗೆ ಸ್ಕ್ರೂವಿನ ಕಡೆಗೆ. ಉಲ್ಟಾ ಹಾಕಿದರೆ ಬೇರಿಂಗ್ ಬೇಗ ಹುಡಿಯಾಗುತ್ತದೆ.

ಪೆರ್ಲ_ಸ್ವಾಶ್

ಫ್ಲೈಬಾರ್ ಇಲ್ಲದ ಹೆಲಿಯವರು ಇಲ್ಲಿನ ಸ್ವಾಶ್ ಎಎಫ್‌ಆರ್ ಭಾಗ ಅನುಸರಿಸಬೇಡಿ. ಎಫ್‌ಬಿಎಲ್ ಯೂನಿಟ್ (ಫ್ಲೈಬಾರಿನ ಕೆಲಸ ಮಾಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಇದ್ದರೆ ಮಿಕ್ಸಿಂಗ್ ಅದರ ಒಳಗೇ ಆಗುವುದು. ರೇಡಿಯೋದಲ್ಲಿ ಸ್ವಾಶ್ ಟೈಪ್ 90 ಅಥವಾ ಒಂದೇ ಸರ್ವೋದ್ದು ಇಡಬೇಕು. ರೇಡಿಯೋದಲ್ಲೂ 120, ಯೂನಿಟ್‌ನಲ್ಲೂ 120 ಇಟ್ಟರೆ ಎರಡು ಸಲ ಮಿಕ್ಸ್ ಆಗಿ ಸ್ವಾಶ್ ಎಲ್ಲೆಲ್ಲೋ ಹೋಗುತ್ತದೆ. ಪಿಚ್ ±11 ಕೂಡ ಯೂನಿಟ್‌ನ ಸೆಟಪ್‌ನಲ್ಲೇ ಹೊಂದಿಸಿ, ಆಗ ಪಿಚ್ ಕರ್ವ್ ನೇರ ಇರಬೇಕು. ಅದೆಲ್ಲ ಮುಗಿದ ಮೇಲೆ ಮಾತ್ರ ನಾರ್ಮಲ್ ಕರ್ವ್ ಬಾಗಿಸಿ. ಥ್ರಾಟಲ್ ಲೆಕ್ಕ ಎರಡಕ್ಕೂ ಒಂದೇ.

ಹಾರಿಸುವ ಮೊದಲು ಡಿಜಿಟಲ್ ಸ್ಕೈ (ಸರ್ಕಾರದ ಡ್ರೋನ್ ಜಾಲತಾಣ) ನಕ್ಷೆಯಲ್ಲಿ ನಿಮ್ಮ ಜಾಗ ಹಸಿರು ವಲಯವಾ ನೋಡಿಕೊಳ್ಳಿ, 2021ರ ಡ್ರೋನ್ ನಿಯಮ ಮಾದರಿ ಹೆಲಿಗೂ ಅನ್ವಯ.

ಉಪ್ಪಳ_450

ಎಲ್ಲ ಬರೆದುಕೊಂಡೆ. ಮಿಕ್ಸ್ ತೆಗೆದೆ, ಕರ್ವ್ ಮಾಷ್ಟ್ರು ಮತ್ತು ಹೊಸೂರಿನವರು ಹೇಳಿದ್ದು ಹಾಕಿದೆ, ಸದ್ಯ ಗವರ್ನರ್ ಇಲ್ಲದೆಯೇ. ಕೊನೆಯ ಎರಡು ಪ್ರಶ್ನೆ: ಹೋಲ್ಡಿನಲ್ಲಿ ಥ್ರಾಟಲ್ ಎಷ್ಟು? ಟೈಮರ್ ಎಷ್ಟು ಇಡಬೇಕು?

ಮಾಷ್ಟ್ರು_ಕುಂಬಳೆ

ಎಲೆಕ್ಟ್ರಿಕ್‌ಗೆ ಹೋಲ್ಡ್ ಥ್ರಾಟಲ್ ಸೊನ್ನೆ. ಹೋಲ್ಡ್ ಹಾಕಿ, ಸ್ಟಿಕ್ಕನ್ನು ನಿಧಾನಕ್ಕೆ ಪೂರ್ತಿ ಮೇಲೆ ಕೊಂಡುಹೋಗಿ, ಮೋಟರ್ ಅಲುಗಬಾರದು. ಇದನ್ನು ನಾರ್ಮಲ್‌ನಲ್ಲಿ ಒಮ್ಮೆ, ಐಡಲ್ ಅಪ್‌ನಲ್ಲಿ ಒಮ್ಮೆ, ಪಿನಿಯನ್ ಬಿಡಿಸಿಯೇ ಪರೀಕ್ಷಿಸಿ. ಗದ್ದೆಯಲ್ಲಿ ಕ್ರಮ ಹೀಗಿರಲಿ: ಹೋಲ್ಡ್ ಆನ್, ಐಡಲ್ ಅಪ್ ಆಫ್, ಸ್ಟಿಕ್ ಕೆಳಗೆ, ರೇಡಿಯೋ ಆನ್, ಬ್ಯಾಟರಿ, ಗೈರೋ ಸ್ಥಿರವಾಗುವ ತನಕ ಹೆಲಿ ಮುಟ್ಟದೆ ಬಿಡುವುದು, ಹತ್ತು ಮೀಟರ್ ಹಿಂದೆ ಬಂದ ಮೇಲೆ ಹೋಲ್ಡ್ ಬಿಡುವುದು. ಇಳಿಸಿದ ಕೂಡಲೇ ಮೊದಲ ಕೆಲಸ ಮತ್ತೆ ಹೋಲ್ಡ್.

ಹೊಸೂರು_ರೋಟರ್

ಟೈಮರ್ ಲೆಕ್ಕ ಚಾರ್ಜರ್‌ನಿಂದ ಬರುತ್ತೆ. ಮೊದಲು 4 ನಿಮಿಷ ಇಡಿ. ಹಾರಿಸಿ ಬಂದು ಚಾರ್ಜ್ ಮಾಡಿದಾಗ ಎಷ್ಟು ಎಂಎಎಚ್ ಒಳಗೆ ಹೋಯಿತು ನೋಡಿ. 2200ರಲ್ಲಿ 80 ಭಾಗ ಅಂದರೆ 1760 ಮಾತ್ರ ಬಳಸಬೇಕು. 4 ನಿಮಿಷಕ್ಕೆ 1200 ಹೋಗಿದ್ದರೆ ನಿಮಿಷಕ್ಕೆ 300, 1760ಕ್ಕೆ ಸುಮಾರು 5.9 ನಿಮಿಷ, ಟೈಮರ್ 5.5. ಐಡಲ್ ಅಪ್‌ನಲ್ಲಿ ಹಾರಿಸೋಕೆ ಶುರು ಮಾಡಿದ ಮೇಲೆ ಮತ್ತೆ 4ಕ್ಕೆ ಇಳಿಸಿ ಹೊಸದಾಗಿ ಅಳೀರಿ.

ಗವರ್ನರ್ ಇಲ್ಲದೆ ಓಡಿಸ್ತೀರಲ್ಲ, ಹಾಗಾಗಿ ಸುತ್ತು ಅಳೆಯೋದನ್ನು ತುಂಬಿದ ಬ್ಯಾಟರಿಯಲ್ಲಿ ಒಮ್ಮೆ, 3 ನಿಮಿಷ ಆದ ಮೇಲೆ ಒಮ್ಮೆ ಮಾಡಿ. 12.6 ವೋಲ್ಟ್‌ನಿಂದ 11.1ಕ್ಕೆ ಬರೋ ಹೊತ್ತಿಗೆ ಶೇ 12 ಇಳಿದಿರುತ್ತೆ, ಸುತ್ತೂ ಅದರ ಹಿಂದೆಯೇ ಇಳಿಯುತ್ತೆ. ಕರ್ವ್ ತಿದ್ದೋದು ಎರಡನೇ ಅಳತೆ ನೋಡಿ, ಮೊದಲನೇದಲ್ಲ. ಎರಡೂ ಸಂಖ್ಯೆ ಇಲ್ಲಿ ಹಾಕಿ, ಮೇಲಿನ ಪಾಯಿಂಟ್ ಎಷ್ಟು ಏರಿಸಬೇಕು ಅಂತ ಅದರ ಮೇಲೆ ಹೇಳಬಹುದು.